ಪೆಟ್ಟಿಗೆಯಲ್ಲಿ ಬಿಟ್ಟ ಫೋನು

ಮಗಳ ನರ್ಸಿಂಗ್ ಓದಿನ ಖರ್ಚನ್ನು ಗುಂಡಿಯಕ್ಕ ಹೀಗೆ ಲೆಕ್ಕ ಹಾಕಿದ್ದಳು. ಮೊದಲ ವರ್ಷದ ಶುಲ್ಕಕ್ಕೆ ತನ್ನ ಏಳು ತಿಂಗಳ ಸಂಬಳ. ಹಾಸ್ಟೆಲಿಗೆ ಮೂರು ತಿಂಗಳದ್ದು. ಪುಸ್ತಕ, ಬೂಟಿಗೆ ಇನ್ನೊಂದು. ಸಮವಸ್ತ್ರವನ್ನು ತಾನೇ ಹೊಲಿಯುವುದರಿಂದ ಬರೀ ಬಟ್ಟೆಯ ದುಡ್ಡು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಅವಳದು, ಹಾಗಾಗಿ ಆ ಹೆಸರು. ಕೈಯಲ್ಲಿದ್ದದ್ದು ಎರಡು ತಿಂಗಳ ಸಂಬಳದಷ್ಟು. ಉಳಿದದ್ದಕ್ಕೆ ಬ್ಯಾಂಕಿನ ಸಾಲವೇ ಗತಿ. ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಹಣ ಕಟ್ಟಬೇಕಿತ್ತು.

ಸೋಮವಾರ ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟರು.

"ನಿಮ್ಮ ಹೆಸರಲ್ಲಿ ಆಗಲೇ ಎರಡು ಸಾಲ ಇದೆಯಲ್ಲಮ್ಮ. ಒಂದು ಕಂತೂ ಕಟ್ಟಿಲ್ಲ."

"ಅಂಗಡೀಲಿ ಸಕ್ಕರೆ ಕೂಡ ಕಡ ತಂದೋಳಲ್ಲ ಸಾರ್ ನಾನು!"

"ದಾಖಲೆ ಹಾಗೆ ಹೇಳ್ತಾ ಇದೆ. ನಾನೇನು ಮಾಡ್ಲಿ?"

ಸಂಜೆ ವಿಷಯ ಕೇಳಿ ಅವಳ ಗಂಡ ನಕ್ಕುಬಿಟ್ಟ. ಅವನು ಗೋದಾಮಿನಲ್ಲಿ ಮೂಟೆ ಇಳಿಸುವವನು. "ನಿನ್ನ ಹೆಸರು ಹೇಳಿದ್ರೆ ಬೀದಿ ಕೊನೆ ಅಂಗಡಿಯವನೂ ಸಾಲ ಕೊಡಲ್ಲ. ಆ ಹೆಸರು ಕದ್ದ ಕಳ್ಳನಿಗೆ ಯಾರೇ ಕೊಡ್ತಾರೆ? ಬ್ಯಾಂಕಿನವರದೇ ಎಡವಟ್ಟು."

ಅವನ ತಂಗಿ ಬೇರೊಂದು ಬ್ಯಾಂಕಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಫೋನು ಮಾಡಿದ ಕೂಡಲೇ ಬಂದಳು. ಅವಳು ನಗಲಿಲ್ಲ.

"ಅಣ್ಣ, ಕಳ್ಳನಿಗೆ ದುಡ್ಡಿರೋರೇ ಬೇಕಂತಿಲ್ಲ. ಹೆಸರು ಕೆಡದೇ ಇರೋರು ಸಾಕು, ಅತ್ತಿಗೆ ಥರದೋರು. ಅತ್ತಿಗೆ, ಕೆಲಸದ ಹೊತ್ತಲ್ಲಿ ಫೋನು ಎಲ್ಲಿಡ್ತೀರ?"

"ಒಳಗೆ ಬಿಡಲ್ವಲ್ಲ. ಗೇಟು ಕಾಯೋ ದೊಡ್ಡಮ್ಮನ ಹತ್ರ ಪೆಟ್ಟಿಗೆ ಇದೆ. ಎಲ್ಲಾರದೂ ಅದರಲ್ಲೇ."

ಗುಂಡಿಯಕ್ಕ ಫೋನು ತಿರುಗಿಸಿ ತೋರಿಸಿದಳು. ಅಂಗಿಯ ಕತ್ತುಪಟ್ಟಿಗೆ ಹೊಲಿಯುವ ಬಿಳಿ ಲೇಬಲೊಂದನ್ನು ಹಿಂದೆ ಅಂಟಿಸಿದ್ದಳು. ಅದರ ಮೇಲೆ ಅವಳ ಹೆಸರು, ಕೆಳಗೆ ಫೋನಿನ ಬೀಗ ತೆರೆಯುವ ನಾಲ್ಕು ಅಂಕಿ. ಶಾಲೆಯಿಂದಲೋ ಮನೆಯಿಂದಲೋ ತುರ್ತು ಮೆಸೇಜು ಬಂದರೆ ದೊಡ್ಡಮ್ಮ ಓದಿ ಒಳಗೆ ಹೇಳಿ ಕಳಿಸಲಿ ಎಂದು ಅಲ್ಲಿನ ಹೆಂಗಸರೆಲ್ಲ ಹಾಗೇ ಮಾಡಿದ್ದರು.

"ಗುರುತಿನ ಚೀಟಿ ಜೆರಾಕ್ಸು?"

"ಸೇರುವಾಗ ಕೊಟ್ಟಿದ್ದು. ಗೇಟಿನ ಪಕ್ಕದ ಆಫೀಸಲ್ಲೇ ಇದೆ."

"ಅಯ್ಯೋ! ಬೀಗಾನೂ ಬೀಗದಕೈನೂ ಒಂದೇ ಮೊಳೆಗೆ ನೇತುಹಾಕಿದ್ದೀರಲ್ಲ! ಯಾರೋ ಆ ಜೆರಾಕ್ಸ್ ಇಟ್ಕೊಂಡು ಸಾಲ ಕೇಳಿದ್ದಾರೆ. ಒಟಿಪಿ ನಿಮ್ಮ ಫೋನಿಗೆ ಬಂದಿದೆ. ನೋಡ್ಕೊಂಡು ಅಳಿಸಿಬಿಟ್ಟಿದ್ದಾರೆ."

"ಆ ದೊಡ್ಡಮ್ಮಂದೇ ಕೆಲಸ!" ಎಂದು ಗಂಡ ಎದ್ದುನಿಂತ.

"ಕೂತ್ಕೊಳ್ರೀ," ಎಂದಳು ಗುಂಡಿಯಕ್ಕ. "ಅವರು ಊಟಕ್ಕೆ ಹೋದಾಗ ಪೆಟ್ಟಿಗೆ ಹತ್ರ ಯಾರು ಬೇಕಾದ್ರೂ ನಿಂತಿರ್ತಾರೆ. ಯಾರ ಕಡೆ ಅಂತ ಬೆರಳು ತೋರಿಸ್ಲಿ?"

"ನಮ್ಮ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ವರ್ಷಕ್ಕೊಂದು ಸಲ ಬ್ಯಾಂಕಲ್ಲಿ ಕೇಳಿ ನೋಡ್ಬೇಕು ಅತ್ತಿಗೆ," ಎಂದಳು ನಾದಿನಿ.

"ಸಾಲಾನೇ ಮಾಡದೋರು ಏನಂತ ಕೇಳೋದೇ?"

"ಮಾಡಿಲ್ಲ ಅನ್ನೋದು ನಿಮಗೆ ಗೊತ್ತು. ದಾಖಲೆಗೆ ಗೊತ್ತಿರ್ಬೇಕಲ್ಲ?"

ಮಂಗಳವಾರ ಪೊಲೀಸರಿಗೂ, ಸಾಲ ಕೊಟ್ಟ ಸಂಸ್ಥೆಗೂ, ಬ್ಯಾಂಕಿಗೂ ದೂರು ಕೊಟ್ಟರು. ನಾದಿನಿ ಪ್ರತಿಯೊಂದಕ್ಕೂ ಸ್ವೀಕೃತಿ ಕೇಳಿ ಪಡೆದಳು. ಎಲ್ಲ ಕಡೆಯೂ ಒಂದೇ ಉತ್ತರ: ವಿಚಾರಣೆಗೆ ತಿಂಗಳುಗಳು ಬೇಕು, ಅಲ್ಲಿಯವರೆಗೆ ಆ ಎರಡೂ ಸಾಲ ನಿಮ್ಮ ಹೆಸರಲ್ಲೇ.

"ಶುಕ್ರವಾರದೊಳಗೆ ಆಗಲ್ವಾ ಸಾರ್?"

ಎದುರು ಕೂತಿದ್ದವರು ಸ್ವೀಕೃತಿಗೆ ಮೊಹರು ಒತ್ತಿ ಮುಂದಿನವರನ್ನು ಕರೆದರು.

ಗುರುವಾರ ರಾತ್ರಿ ಮಗಳು ಕೇಳಿದಳು: "ಅಮ್ಮಾ, ಮುಂದಿನ ವರ್ಷ ಸಿಗುತ್ತೇನಮ್ಮ?" ಗುಂಡಿಯಕ್ಕ ಒಲೆ ಕಡೆ ತಿರುಗಿಕೊಂಡಳು. ಗಂಡ ತನ್ನ ಫೋನನ್ನು ತಂಗಿಯ ಮುಂದೆ ಇಟ್ಟ.

"ನನ್ನ ಫೋನಿನ ಅಂಕೀನೂ ಗೋದಾಮಿನಲ್ಲಿ ಎಲ್ರಿಗೂ ಗೊತ್ತು ಕಣೇ. ಬೇರೆ ಅಂಕಿ ಹಾಕ್ಕೊಡು."

"ನೀನೇ ಹಾಕ್ಕೋ ಅಣ್ಣ. ನನಗೆ ಹೇಳ್ಬೇಡ."

"ತಂಗಿಗೂ ಹೇಳ್ಬಾರದಾ?"

"ತಂಗಿಗೂ."

ಅವನು ಗೋಡೆ ಕಡೆ ತಿರುಗಿ, ದಪ್ಪ ಬೆರಳಿನಲ್ಲಿ ಒಂದೊಂದೇ ಅಂಕಿ ಒತ್ತಿದ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನ ಹಿಂದೆ ಅಂಕಿ ಬರೆದಿದ್ದರೆ ಈಗಲೇ ಕಿತ್ತುಹಾಕಿ, ಬೇರೆ ಅಂಕಿ ಇಟ್ಟುಕೊಳ್ಳಿ. ಒಟಿಪಿಯನ್ನು ಎಂಥ ನಂಬಿಕಸ್ತರಿಗೂ ಹೇಳಬೇಡಿ. ಗುರುತಿನ ಚೀಟಿಯ ಜೆರಾಕ್ಸ್ ಕೊಡಲೇಬೇಕಾದಾಗ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೆ ಅಡ್ಡಲಾಗಿ ಬರೆದು ಕೊಡಿ. ಸಾಲ ಮಾಡದಿದ್ದರೂ ವರ್ಷಕ್ಕೊಮ್ಮೆ ನಿಮ್ಮ ಹೆಸರಿನ ಸಾಲದ ವಿವರ ಕೇಳಿ. ಅನುಮಾನ ಬಂದ ದಿನವೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ನಾಚಿಕೆಪಟ್ಟು ಸುಮ್ಮನಿರಬೇಡಿ, ತಡವಾದಷ್ಟೂ ಬಿಡಿಸಿಕೊಳ್ಳುವುದು ಕಷ್ಟ.

ಗುಂಡಿಯಕ್ಕನ ದೂರು ಇನ್ನೂ ವಿಚಾರಣೆಯಲ್ಲಿದೆ. ಕದ್ದವರು ಸಿಕ್ಕಿಲ್ಲ. ಶುಕ್ರವಾರ ಸಂಜೆ ಆ ಸೀಟು ಬೇರೆಯವರಿಗೆ ಹೋಯಿತು. ಮಗಳು ಈಗ ಅದೇ ಕಾರ್ಖಾನೆಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುತ್ತಾಳೆ.