ಗೆಜ್ಜೆ ಕಸಿದ ಅರಸ

ಕಡಲಡಿಯ ಅರಸನ ಮನಸ್ಸು ಕರಗಬೇಕಿತ್ತು. ಸುಗುಣ ವಾರದಿಂದ ಅದನ್ನೇ ಬರೆಯಲು ಕೂರುತ್ತಿದ್ದಳು, ಏಳುತ್ತಿದ್ದಳು. ಕೋಡಿ ಊರಿನಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ರವಿಕೆಯ ತೋಳು ಉಲ್ಟಾ ಆಗುತ್ತಿತ್ತು. ಫೋನು ಎತ್ತಿಕೊಂಡರೆ ಒಂದು ಸಾಲು ಬರೆದು ಎರಡು ಅಳಿಸುತ್ತಿದ್ದಳು.

ಮೊಬೈಲಿನಲ್ಲಿ ಕಂತುಕಂತಾಗಿ ಬರುತ್ತಿದ್ದ ಅವಳ ಕಥೆಯಲ್ಲಿ ಆ ಅರಸ ದಡದ ಹುಡುಗಿಯೊಬ್ಬಳನ್ನು ಹೊತ್ತೊಯ್ದಿದ್ದ. ಅವಳು ಮರಳಿ ಹೋಗದಂತೆ ಕಾಲ್ಗೆಜ್ಜೆ ಕಸಿದಿಟ್ಟುಕೊಂಡಿದ್ದ. ಓದುಗರಿಗೆ ಅವನೆಂದರೆ ಪ್ರಾಣ. 'ಸಿಡುಕ ಹೀರೋ ಸೂಪರ್, ಬೇಗ ಲವ್ ಮಾಡಿಸಿ ಮೇಡಂ' ಎಂದು ದಿನಾ ಬರೆಯುತ್ತಿದ್ದರು. ಇಂಥವರನ್ನು ಅವಳು ಮೊದಲೂ ಬರೆದಿದ್ದಳು. ಶಾಪ ಹೊತ್ತ ಗಂಧರ್ವ, ಒತ್ತಾಯದಿಂದ ತಾಳಿ ಕಟ್ಟಿದ ಯಕ್ಷ, ಎಲ್ಲರೂ ಕೊನೆಗೆ ಮೆತ್ತಗಾದವರೇ. ಇವನೊಬ್ಬ ಆಗುತ್ತಿರಲಿಲ್ಲ. ಏಕೆಂದು ಅವಳಿಗೆ ಗೊತ್ತಿತ್ತು.

ಕಳೆದ ಭಾನುವಾರ ಅಕ್ಕ ಪದ್ದುವಿನ ಮಗಳು ಸೌಜನ್ಯಳನ್ನು ನೋಡಲು ಬೈಂದೂರಿನಿಂದ ರತೀಶ್ ಬಂದಿದ್ದ. ಮಾತಿನ ನಡುವೆ ಹುಡುಗಿಯ ಕೈಯಿಂದ ಫೋನ್ ಕಿತ್ತು ಜೇಬಿಗೆ ಹಾಕಿಕೊಂಡವನು ಹೊರಡುವ ತನಕ ಕೊಡಲಿಲ್ಲ. ಎಲ್ಲರೂ ನಕ್ಕರು. ಸೌಜನ್ಯಳ ಕೆನ್ನೆ ಕೆಂಪಾದದ್ದನ್ನು ಕಂಡು ಸುಗುಣಳಿಗೆ ಗೆಜ್ಜೆ ಕಸಿದ ತನ್ನ ಅರಸ ನೆನಪಾಗಿದ್ದ.

ಇವತ್ತು ಹುಡುಗನ ಮನೆಯವರಿಗೆ ಉತ್ತರ ಹೇಳಬೇಕು.

"ಚಿಕ್ಕೀ, ನಿನ್ ಕಥೆ ರಾಜ ಯಾವಾಗ ಸರಿ ಆಪ್ದ್?" ಸೌಜನ್ಯ ಬಂದು ಮಿಷನ್ನಿಗೆ ಒರಗಿದಳು.

"ನಿಂಗೆಂತಕೆ ಅವ್ನ್ ಸುದ್ದಿ?"

"ರತೀಶರೂ ಹಾಂಗೇ ಅಲ್ದಾ? ಮೇಲೆ ಸಿಡುಕು, ಒಳಗೆ ಪ್ರೀತಿ. ನಿನ್ ಕಥೆ ಓದಿಯೇ ನಂಗೆ ಗೊತ್ತಾದ್ದ್."

ಸುಗುಣ ಕತ್ತರಿ ಕೆಳಗಿಟ್ಟಳು. "ಒಳಗೆ ಪ್ರೀತಿ ಇಟ್ಟದ್ದ್ ನಾನ್, ಮಾರಾಯ್ತಿ. ನಾ ಕೂತ್ಕಂಡ್ ಬರ್ದ್ರೆ ಅವ ಸರಿ ಆಪ್ದ್. ನಿನ್ ಮನೆಗೆ ಬಂದ್ ಯಾರ್ ಬರಿತ್ರ್?"

"ಹೋ! ಇಷ್ಟ್ ದಿನ ಓದ್ಸಿ ಓದ್ಸಿ, ಈಗ ಹೀಂಗ್ ಹೇಳ್ತ್ಯಾ?" ನಗುತ್ತ ಶುರು ಮಾಡಿದವಳು ಒರಗಿದ್ದಲ್ಲಿಂದ ನೆಟ್ಟಗಾದಳು. ಆಮೇಲೆ ಕೇಳಿದಳು: "ಆ ಹುಡ್ಗಿ ಗೆಜ್ಜೆ ವಾಪಸ್ ಕೊಡ್ ಅಂದ್ರೆ ಎಂತ ಹೇಳ್ತ ಅವ?"

ಸುಗುಣ ಬರೆದದ್ದನ್ನೆಲ್ಲ ನೆನೆದಳು. ಇಷ್ಟು ಕಂತುಗಳಲ್ಲಿ ಹುಡುಗಿ ಅತ್ತಿದ್ದಳು, ಮುನಿದಿದ್ದಳು, ಮೂರ್ಛೆ ಹೋಗಿದ್ದಳು, ಆದರೆ ಬಾಯಿಬಿಟ್ಟು ಕೇಳಿರಲಿಲ್ಲ.

ಸೌಜನ್ಯ ರತೀಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಅವತ್ತ್ ನನ್ ಫೋನ್ ಕಿತ್ಕಂಡದ್ ಎಂತಕೆ? ನಂಗೆ ಬೇಜಾರಾಯ್ತ್."

ಆಚೆಯಿಂದ ದೊಡ್ಡ ನಗು. "ಇದಕ್ಕೆಲ್ಲ ಬೇಜಾರಾ? ಮದ್ವೆ ಆದ್ಮೇಲೆ ಫೋನೇ ಬ್ಯಾಡ ನಿಂಗೆ. ನಾನಿಲ್ಯಾ?"

ಸೌಜನ್ಯ ಇನ್ನೊಂದು ಮಾತಿಗಾಗಿ ಕಾದಳು. ಸುಗುಣಳೂ ಕಾದಳು. ಬರೆಯುವುದಾಗಿದ್ದರೆ ಇಲ್ಲೊಂದು ಮೆತ್ತನೆಯ ಸಾಲು ಸೇರಿಸುತ್ತಿದ್ದಳು. ಆಚೆ ನಗು ಇನ್ನೂ ಮುಗಿದಿರಲಿಲ್ಲ.

ಹುಡುಗಿ ಕರೆ ಕತ್ತರಿಸಿ ಒಳಗೆ ಹೋದಳು. "ಅಮ್ಮಾ, ಅವ್ರಿಗೆ ಬ್ಯಾಡ ಅಂತ ಹೇಳ್."

"ಎಂಥದ್?" ಬಂಗಡೆ ಮೀನು ಕೊಯ್ಯುತ್ತಿದ್ದ ಪದ್ದುವಿನ ಕೂಗು ಜಗಲಿಗೆ ಬಂತು. "ಏ ಸುಗುಣಾ, ಎಂತ ಹೇಳಿ ತಲೆ ತಿರ್ಗ್ಸಿದ್ಯೇ ಹೆಣ್ಣಿಗೆ?"

ಸುಗುಣ ಎದ್ದಳು. ಅಕ್ಕನಿಗೆ ಎಲ್ಲಿಂದ ಹೇಳಲು ಶುರುಮಾಡುವುದೋ ತಿಳಿಯದೆ ಬಾಗಿಲ ತನಕ ಹೋಗಿ ಹಿಂದೆ ಬಂದಳು, ಮತ್ತೆ ಒಳಗೆ ನಡೆದಳು.