ಯಾರದೂ ಅಲ್ಲದ ಗಡ್ಡೆಗೆ ಕಂದಾಯ

ಕೊಣನೂರಿನ ಹತ್ತಿರ ಕಾವೇರಿ ಎರಡಾಗಿ ಹರಿದು ಮತ್ತೆ ಕೂಡುವಲ್ಲಿ ಒಂದು ಮರಳುಗಡ್ಡೆ. ಆಗಿನ್ನೂ ಕೊಡಗು ಬೇರೆ ರಾಜ್ಯ. ಆಚೆ ದಡ ಅವರದು, ಈಚೆ ದಡ ಮೈಸೂರಿನದು, ಗಡ್ಡೆ ಯಾರದೂ ಅಲ್ಲ. ಅದಕ್ಕೇ ನಮ್ಮ ಕೇರಿಯ ಲಕ್ಕಯ್ಯ, ಅವನ ಹೆಂಡತಿ ಸಣ್ಣಕ್ಕ ಅಲ್ಲಿ ಗುಡಿಸಲು ಕಟ್ಟಿ ಸೌತೆ ಹಾಕುತ್ತಿದ್ದರು. ಊರೊಳಗೆ ನಮಗೆ ಗೇಣು ನೆಲ ಯಾರು ಕೊಟ್ಟಿದ್ದರು?

ಆಷಾಢದ ಹೊಳೆ ಗುಡಿಸಲನ್ನು ಕೊಚ್ಚಿಕೊಂಡು ಹೋಯಿತು. ಪರಿಹಾರದ ರಾಗಿ ಕೇಳಿದರೆ ಕಂದಾಯ ವಸೂಲಿಯ ಶೇಕದಾರ ಪರಮಶಿವಯ್ಯ ನಕ್ಕ.

"ಆ ಗಡ್ಡೆ ಮೇಲೆ ಯಾವ ಸರ್ಕಾರಾನೂ ಇಲ್ಲ ಕಣಯ್ಯ. ಇಲ್ಲದ ಸರ್ಕಾರ ರಾಗಿ ಎಲ್ಲಿಂದ ಕೊಟ್ಟೀತು?"

ಲಕ್ಕಯ್ಯ ಕೈಮುಗಿದು ಬಂದ. ಬೇಸಿಗೆಗೆ ಮತ್ತೆ ಸೌತೆ ಹಾಕಿದ. ಕಾಯಿ ಸಂತೆ ಮುಟ್ಟಿದ್ದೇ ತಡ, ಅದೇ ಶೇಕದಾರ ಜವಾನ ಚಿಕ್ಕಯ್ಯನ ಜೊತೆ ಕೇರಿಗೆ ಬಂದ. ಚಿಕ್ಕಯ್ಯನೂ ನಮ್ಮ ಕೇರಿಯವನೇ.

"ಕಂದಾಯ ಕಟ್ಟು."

"ಅಲ್ಲಿ ಸರ್ಕಾರ ಇಲ್ಲ ಅಂದಿದ್ರಲ್ಲ ಸಾ?"

"ನೆಲ ನಮ್ಮದಲ್ಲ. ದುಡಿದವನು ನಮ್ಮೋನು. ದುಡ್ಡು ನಮ್ಮ ಸಂತೇದು."

"ಗುಡಿಸ್ಲು ಕೊಚ್ಕೊಂಡೋದಾಗ ನಾನು ಯಾರೋನಾಗಿದ್ದೆ ಸಾ?"

ಶೇಕದಾರ ಲಕ್ಕಯ್ಯನ ಎಮ್ಮೆ ಬಿಚ್ಚಿಸಿ ಹೊಳೆದಂಡೆಯ ಚಾವಡಿಗೆ ಹೊಡೆಸಿದ. ಮಾರನೇ ದಿನ ಹರಾಜಂತೆ. ಅದರ ಹಾಲು ಮಾರಿಯೇ ಆ ಮನೆಯಲ್ಲಿ ಹಿಟ್ಟು ಬೇಯುತ್ತಿದ್ದದ್ದು. ಕೊಡುವಾಗ ಇಲ್ಲದ ಸರ್ಕಾರ ಕಿತ್ತುಕೊಳ್ಳುವಾಗ ಎಲ್ಲಿಂದ ಬಂತು ಅಂತ ನನಗೆ ಮೈಯೆಲ್ಲ ಉರಿಯಿತು.

ಆ ಎಮ್ಮೆ ದಿನಾ ಹೊಳೆ ಈಜಿ ಗಡ್ಡೆಗೆ ಮೇಯಲು ಹೋಗುತ್ತಿತ್ತು. ಕರು ಗಡ್ಡೆಯಲ್ಲೇ ಕಟ್ಟಿರುತ್ತಿತ್ತು. ಸಂಜೆ ಕರು ಕೂಗಿತು. ಹಗ್ಗವೇ ಹರಿಯಿತೋ, ಚಿಕ್ಕಯ್ಯ ಹಾಕಿದ ಗಂಟೇ ಸಡಿಲವೋ, ನಾನು ಕೇಳಲಿಲ್ಲ. ಎಮ್ಮೆ ಹೊಳೆಗೆ ಬಿದ್ದು ಗಡ್ಡೆ ಸೇರಿತು. ಹಿಂದೆಯೇ ಇಡೀ ಕೇರಿ ಹರಿಗೋಲು ಹತ್ತಿತು.

"ಎಮ್ಮೆ ಹಿಡ್ಕೊಂಡು ಬನ್ರೋ" ಅಂತ ಶೇಕದಾರ ದಡದಿಂದ ಕೂಗಿದ.

ಸಣ್ಣಕ್ಕ ಕರುವನ್ನು ಕೆಚ್ಚಲಿಗೆ ಬಿಟ್ಟು ಎದ್ದು ನಿಂತಳು. "ಇಲ್ಲಿ ಸರ್ಕಾರ ಇಲ್ಲ ಸಾ. ಇಲ್ದಿರೋ ಸರ್ಕಾರಕ್ಕೆ ಎಮ್ಮೆ ಎಂಗೆ ಕೊಡಾದು?"

ಶೇಕದಾರ ಚಿಕ್ಕಯ್ಯನ ಕಡೆ ತಿರುಗಿದ. "ನೀನು ಈಜಿ ಹೋಗಿ ಎಳ್ಕೊಂಡು ಬಾರೋ."

ಚಿಕ್ಕಯ್ಯ ಎದೆಯ ಮೇಲಿನ ಸರ್ಕಾರಿ ಬಿಲ್ಲೆಪಟ್ಟಿ ಬಿಚ್ಚಿ ಶೇಕದಾರನ ಕೈಗಿಟ್ಟ.

"ಅಲ್ಲಿ ಇದು ನಡೆಯಾಕಿಲ್ಲ ಸಾ. ನೀವೇ ಮಡಿಕಳಿ."

ಈಜಿ ಬಂದವನಿಗೆ ಸಣ್ಣಕ್ಕ ಹಾಲು ಕೊಟ್ಟಳು. ಅವನು ತಿರುಗಿ ಹೋಗಲಿಲ್ಲ. ಶೇಕದಾರ ಪಟ್ಟಿ ಹಿಡಿದುಕೊಂಡು ದಡದಲ್ಲೇ ನಿಂತು ಹರಿಗೋಲು ಕಳಿಸಿ ಅಂತ ಕೂಗುತ್ತಿದ್ದ. ನಾವು ಕಳಿಸಲಿಲ್ಲ.