ಕೆಂಪು ಕಲ್ಲಿನಾಚೆಯ ಎಕ್ಕದ ಹೂ

ಸಿಡ್ನಿಯ ಕೆಲ್ಲಿವಿಲ್ಲಿನ ನಮ್ಮ ಬೀದಿಯವರು ನನ್ನ ಗಂಡ ಹಿರಿಯಣ್ಣನವರನ್ನು ಹೂಗಳ್ಳ ಎಂದು ಬೆನ್ನ ಹಿಂದೆ ಕರೆಯುತ್ತಾರೆ. ನಾನು ಎದುರಿಗೇ ಕರೆಯುತ್ತೇನೆ. ಬೆಳಗ್ಗೆ ವಾಕಿಂಗ್ ಹೊರಟರೆಂದರೆ ಜೇಬಿನಲ್ಲೊಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಬೇಲಿಯಿಂದ ಈಚೆ ಬಾಗಿದ ಹೂವೆಲ್ಲ ಶಿವನದು ಎಂಬುದು ಅವರ ಕಾನೂನು. ಹೂವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಿಲ್ಲದೆ ತಿಂಡಿ ಇಲ್ಲ. ಒಮ್ಮೆ ಸಬರ್ಬಿನ ಫೇಸ್‌ಬುಕ್ ಗ್ರೂಪಿನಲ್ಲಿ ಯಾರದೋ ಮನೆಯ ಕ್ಯಾಮೆರಾದ ವಿಡಿಯೋ ಬಂತು. ನೋಡಿದರೆ, ಮಂಕಿ ಕ್ಯಾಪ್ ಹಾಕಿಕೊಂಡ ನಮ್ಮ ಯಜಮಾನರು ತುದಿಗಾಲಲ್ಲಿ ನಿಂತು ಗುಲಾಬಿ ಕೀಳುತ್ತಿದ್ದಾರೆ! ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರೋ, "ಮುಖ ಕಾಣ್ತಿಲ್ಲ ಬಿಡು" ಎಂದು ಆರಾಮಾಗಿ ಕಾಫಿ ಕುಡಿದರು.

ಇಷ್ಟು ಕದ್ದರೂ ಅವರಿಗೊಂದು ಕೊರಗು. ಸಿಡ್ನಿಯಲ್ಲಿ ಎಕ್ಕದ ಹೂ ಸಿಗುವುದಿಲ್ಲ. ನಮ್ಮೂರು ಚಿತ್ರದುರ್ಗದ ದಾರಿಬದಿಯಲ್ಲಿ ಯಾರೂ ಮೂಸದೆ ಬೆಳೆಯುವ ಗಿಡ, ಅದಕ್ಕೆ ಇಲ್ಲಿ ಈ ಪರಿ ಹಂಬಲ. "ಶಿವನಿಗೆ ಎಕ್ಕ ಏರಿಸಿ ಎಷ್ಟು ವರ್ಷ ಆಯ್ತು ವಾಸಂತಿ" ಎಂದು ಸೋಮವಾರ ಬಂದರೆ ಸಾಕು, ಶುರು.

ನಮ್ಮ ಮಗಳು ಪ್ರಾರ್ಥನಾ ಇರುವುದು ಮೆಲ್ಬರ್ನಿನ ಟಾರ್ನೀಟಿನಲ್ಲಿ. ಕಳೆದ ಡಿಸೆಂಬರಿನಲ್ಲಿ ಅವಳು, "ಎಲ್ಲರೂ ಬಾಲಿಗೆ ಹೋಗ್ತಾರೆ, ನಾವು ಲಾವೋಸ್‌ಗೆ ಹೋಗೋಣ" ಎಂದು ಮೂವರಿಗೂ ಟಿಕೆಟ್ ಬುಕ್ ಮಾಡಿಬಿಟ್ಟಳು. ಅವಳು ಮೆಲ್ಬರ್ನಿನಿಂದ, ನಾವು ಸಿಡ್ನಿಯಿಂದ ಹೊರಟು ಬ್ಯಾಂಕಾಕಿನಲ್ಲಿ ಸೇರಿದೆವು.

ಲಾವೋಸ್ ಚೆನ್ನಾಗಿದೆ, ಸುಳ್ಳು ಹೇಳಬಾರದು. ಜನ ಕೈಮುಗಿದು ನಗುತ್ತಾರೆ, ಸಂತೆಯಲ್ಲಿ ನಮ್ಮ ಕೊತ್ತಂಬರಿ, ಹುಣಸೆ, ಬಾಳೆಹೂ ಎಲ್ಲ ಉಂಟು. ಆದರೆ ಉತ್ತರದ ಬೆಟ್ಟಸೀಮೆಗೆ ಹೋದ ಮೇಲೆ ನನ್ನ ಎದೆ ಸ್ವಲ್ಪ ಭಾರವಾಯಿತು. ಒಂದು ಮನೆಯ ಮುಂದೆ ಉದ್ದನೆಯ ತೊಟ್ಟಿಯಲ್ಲಿ ಈರುಳ್ಳಿ ಸೊಪ್ಪು ಬೆಳೆದಿದ್ದರು. ಹತ್ತಿರ ಹೋಗಿ ನೋಡಿದರೆ ಅದು ಸೀಳಿದ ಬಾಂಬಿನ ಚಿಪ್ಪು. ಬೇಲಿಯ ಕಂಬಗಳೂ ಅವೇ.

ನಮ್ಮ ಗೈಡ್ ನೋಯ್ ಅದೇ ಊರಿನ ಹೆಂಗಸು, ಚೆನ್ನಾಗಿ ಇಂಗ್ಲಿಷ್ ಬಲ್ಲವಳು. ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳು ಸುರಿದ ಬಾಂಬುಗಳಲ್ಲಿ ಸಿಡಿಯದೆ ಉಳಿದವು ಐವತ್ತು ವರ್ಷ ದಾಟಿದರೂ ಮಣ್ಣಿನಲ್ಲೇ ಇವೆ ಎಂದು ಹೇಳಿದಳು. ಅವಳ ಅತ್ತೆ ಮದುವೆಯಾಗಿ ಬಂದಾಗಿನಿಂದ ಅರ್ಧ ಹೊಲ ಮಾತ್ರ ಉಳುತ್ತಿದ್ದಾಳಂತೆ. ಉಳಿದರ್ಧಕ್ಕೆ ಬಾಂಬು ತೆಗೆಯುವ ತಂಡ ಇನ್ನೂ ಬಂದಿಲ್ಲ. ಆಮೇಲೆ ನೋಯ್ ನೆಲದಲ್ಲಿ ಹೂತಿದ್ದ ಒಂದು ಕಲ್ಲು ತೋರಿಸಿದಳು. ಅದರ ಒಂದು ಬದಿ ಬಿಳಿ, ಇನ್ನೊಂದು ಬದಿ ಕೆಂಪು. ಬಿಳಿಯ ಕಡೆ ನೆಲ ಅಗೆದು ಶುದ್ಧ ಮಾಡಿದ್ದಾರೆ, ಕೆಂಪಿನ ಕಡೆ ಕಾಲಿಡಬಾರದು. "ಕೇಳಿಸ್ತೇನ್ರೀ?" ಎಂದೆ. ನಮ್ಮವರು ತಲೆಯಾಡಿಸಿದರು. ಅವರ ಕಣ್ಣು ಮಾತ್ರ ಹೊಲದ ಆಚೆ ಎಲ್ಲೋ ಇತ್ತು.

ಆ ರಾತ್ರಿ ನೋಯ್‌ಳ ಮನೆಯಲ್ಲೇ ಉಳಿದೆವು. ಮರುದಿನ ಬೆಳಕು ಹರಿಯುವಾಗ ಎದ್ದು ನೋಡುತ್ತೇನೆ, ಹಾಸಿಗೆಯ ಪಕ್ಕ ಖಾಲಿ. ಪ್ಲಾಸ್ಟಿಕ್ ಚೀಲವೂ ಇಲ್ಲ. ನೈಟಿಯ ಮೇಲೆ ಶಾಲು ಸುತ್ತಿಕೊಂಡು ಓಡಿದೆ.

ಇದ್ದರು. ಕೆಂಪು ಕಲ್ಲು ದಾಟಿ, ಹುಲ್ಲಿನ ನಟ್ಟನಡುವೆ, ಎಕ್ಕದ ಗಿಡದ ಮುಂದೆ ನಿಂತು ಹೂ ಬಿಡಿಸುತ್ತಿದ್ದರು.

"ವಾಸಂತೀ, ಎಕ್ಕ ಕಣೇ!" ಎಂದು ಚೀಲ ಎತ್ತಿ ತೋರಿಸಿದರು.

"ಅಲ್ಲೇ ನಿಲ್ರೀ! ಕಾಲೆತ್ತಬೇಡಿ!"

ಆಗ ಅವರು ಕೆಳಗೆ ನೋಡಿದರು. ಹಿಂದೆ ನೋಡಿದರು. ಕಲ್ಲು ಕಂಡಿತು. ಮುಖದಲ್ಲಿದ್ದ ನಗು ಹೋಯಿತು.

ಪ್ರಾರ್ಥನಾ ಹಿಂದಿನಿಂದ ಓಡಿ ಬಂದು, "ಅಪ್ಪಾಜಿ, ಡೋಂಟ್ ಮೂವ್! ಪ್ಲೀಸ್!" ಎಂದು ಕಿರುಚಿದಳು. ನೋಯ್ ಫೋನಿನಲ್ಲಿ ಮಾತಾಡಿ, ಪಕ್ಕದ ಊರಿನಿಂದ ತಂಡ ಹೊರಟಿದೆ ಎಂದಳು. ಬಂದು ತಲುಪಲು ಹೊತ್ತಾಗುತ್ತದೆ. ಬಂದ ದಾರಿಯಲ್ಲೇ ವಾಪಸು ಹೆಜ್ಜೆಯಿಡುತ್ತೇನೆ ಎಂದರೂ ಬಿಡಬೇಡಿ, ಅವರು ನಿಂತಲ್ಲೇ ನಿಂತಿರಬೇಕು ಎಂದಳು. "ಅವರ ಜೊತೆ ಮಾತಾಡುತ್ತಾ ಇರಿ. ತಲೆ ತಿರುಗಿ ಬೀಳದ ಹಾಗೆ ನೋಡಿಕೊಳ್ಳಿ" ಎಂದು ನನ್ನ ತೋಳು ಹಿಡಿದುಕೊಂಡಳು.

ಏನು ಮಾತಾಡಲಿ? ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಬರುವುದು ಒಂದೇ ಭಾಷೆ. ಬೈಯಲು ಶುರು ಮಾಡಿದೆ.

"ಮದುವೆ ದಿನ ಮುಹೂರ್ತದ ಹೊತ್ತಿಗೆ ಚಪ್ಪಲಿ ಹುಡುಕ್ತಾ ಹೋದೋರಲ್ವೇ ನೀವು! ನಮ್ಮಪ್ಪನ ಹೊಸ ಸ್ಕೂಟರ್ ಮೋರಿಗೆ ಬೀಳಿಸಿ, ಮೋರಿದೇ ತಪ್ಪು ಅಂದೋರು! ಗ್ಯಾರೇಜ್ ತುಂಬ ಕೆಟ್ಟ ಪ್ರಿಂಟರ್ ಇಟ್ಕೊಂಡು ಕಾರನ್ನ ಬಿಸಿಲಲ್ಲಿ ನಿಲ್ಸೋರು!"

"ಪ್ರಿಂಟರ್ ಕೆಟ್ಟಿಲ್ಲ ಕಣೇ, ಇಂಕ್ ಇಲ್ಲ ಅಷ್ಟೇ!" ಎಂದು ಹೊಲದ ನಡುವಿನಿಂದ ಉತ್ತರ ಬಂತು. ಅಳುತ್ತಿದ್ದ ಪ್ರಾರ್ಥನಾ ಫಕ್ಕನೆ ನಕ್ಕಳು.

ತಂಡ ಬಂತು. ನಾಲ್ಕೈದು ಜನ ಹೆಂಗಸರು, ಮೈಗೆ ದಪ್ಪ ಕವಚ, ಕೈಯಲ್ಲಿ ಲೋಹ ಪತ್ತೆ ಮಾಡುವ ಉದ್ದ ಕೋಲು. ಗೇಣು ಗೇಣೇ ನೆಲ ಪರೀಕ್ಷಿಸುತ್ತಾ, ಎರಡೂ ಕಡೆ ದಾರ ಕಟ್ಟುತ್ತಾ ನಮ್ಮವರ ಕಡೆ ಹೊರಟರು. ಅರ್ಧ ದಾರಿಯಲ್ಲಿ ಮುಂದಿದ್ದವಳು ಕೈ ಎತ್ತಿದಳು. ಎಲ್ಲರೂ ನಿಂತರು. ಅವಳು ಬಾಗಿ, ಬೆರಳಲ್ಲಿ ಹುಲ್ಲು ಸರಿಸಿದಳು. ನಮ್ಮವರ ಚಪ್ಪಲಿಯ ಗುರುತಿಗೆ ಒಂದು ಗೇಣು ದೂರದಲ್ಲಿ ತುಕ್ಕು ಹಿಡಿದ ಒಂದು ಉಂಡೆ ಇತ್ತು. ಕಿತ್ತಳೆ ಹಣ್ಣಿನಷ್ಟು.

ಬೈಗುಳ ಮುಗಿದುಹೋಯಿತು. ನಿಜ ಹೇಳುತ್ತೇನೆ, ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

"ಮಾತಾಡಿ, ಅವರು ತೂಗಾಡುತ್ತಿದ್ದಾರೆ" ಎಂದಳು ನೋಯ್.

"ರೀ," ಎಂದೆ. "ನೀವಿಲ್ಲದೆ ನನ್ನ ಕೈಲಿ ಆಗಲ್ಲ ರೀ."

ಅವರು ಕಿವಿಗೆ ಕೈಯಿಟ್ಟರು. "ಏನು? ಕೇಳಿಸ್ಲಿಲ್ಲ!"

"ನೀವಿಲ್ಲದೆ ಆಗಲ್ಲ ಅಂದೆ!"

"ಗಾಳಿ ಕಣೇ! ಇನ್ನೂ ಜೋರಾಗಿ ಹೇಳು!"

ಹಾಳಾದ ಕಿವಿ! ಮಾನ ಮರ್ಯಾದೆ ಎಲ್ಲ ಬಿಟ್ಟು ಕೂಗಿದೆ. ಇಷ್ಟವೆಂದೆ, ಪ್ರಾಣವೆಂದೆ. ಬೆಳಗಿನ ಕಾಫಿ ಒಬ್ಬಳೇ ಹೇಗೆ ಕುಡಿಯಲಿ ಎಂದೆ. ಊರಿನವರ ಗುಲಾಬಿ ಎಲ್ಲ ಕಿತ್ತು ತನ್ನಿ, ನಾನೇ ಚೀಲ ಹಿಡಿಯುತ್ತೇನೆ ಎಂದೆ. ಪ್ರತಿ ಸಲವೂ ಅವರು "ಆಂ? ಏನು?" ಎನ್ನುತ್ತಲೇ ಇದ್ದರು. ಒಂದಕ್ಷರ ಕನ್ನಡ ತಿಳಿಯದ ಆ ಹೆಂಗಸರೂ ತಿರುಗಿ ನೋಡಿ ಮುಸಿಮುಸಿ ನಕ್ಕರು. ನಗುತ್ತಲೇ ಉಂಡೆಯ ಸುತ್ತ ಗುರುತು ಹಾಕಿ, ಅದನ್ನು ಬಳಸಿಕೊಂಡು ಹೋಗಿ, ನಮ್ಮವರ ಕೈ ಹಿಡಿದು ಕರೆತಂದರು. ಬಿಳಿಯ ಕಡೆ ಕಾಲಿಟ್ಟ ತಕ್ಷಣ ಅವರ ಬೆನ್ನಿಗೆ ಎರಡು ಗುದ್ದಿದೆ, ಆಮೇಲೆ ಅಂಗಿ ಹಿಡಿದುಕೊಂಡು ಅತ್ತುಬಿಟ್ಟೆ. ಚೀಲ ಎಲ್ಲೋ ಬಿದ್ದುಹೋಗಿತ್ತು. ಅವತ್ತು ಅವರು ಬರೀ ನೀರೆರೆದು ಪೂಜೆ ಮುಗಿಸಿದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ದೂರದಲ್ಲಿ ಧಡಾರ್ ಎಂದಿತು. ಆ ಉಂಡೆಯನ್ನು ತಂಡದವರು ಇದ್ದಲ್ಲೇ ಸಿಡಿಸಿದ್ದರು. ತಟ್ಟೆ ಲೋಟ ನಡುಗಿದವು. ನೋಯ್‌ಳ ಅತ್ತೆ ಮಾತ್ರ ತಲೆ ಎತ್ತದೆ ಸೊಪ್ಪು ಹೆಚ್ಚುತ್ತಿದ್ದಳು.

ವಾಪಸು ಬರುವಾಗ ನಾವೂ ಮೆಲ್ಬರ್ನಿಗೇ ಬಂದು ಟಾರ್ನೀಟಿನಲ್ಲಿ ಮಗಳ ಮನೆಯಲ್ಲಿ ಉಳಿದೆವು. ಅವಳ ಪಕ್ಕದ ಮನೆಯ ಲಕ್ಷ್ಮೀಶ, ಅವನ ಹೆಂಡತಿ ಚಹಾಕ್ಕೆ ಬಂದರು. ನಮ್ಮವರು ಸೋಫಾದಲ್ಲಿ ಕಾಲು ಚಾಚಿ ಕಥೆ ಶುರು ಮಾಡಿದರು. "ಆಂಟಿ, ನೀವು ಇಡೀ ಊರಿಗೇ ಕೇಳೋ ಹಾಗೆ ಕೂಗಿದ್ರಂತೆ, ಅಂಕಲ್‌ಗೆ ಮಾತ್ರ ಕೇಳಿಸ್ಲಿಲ್ವಂತೆ!" ಎಂದು ಲಕ್ಷ್ಮೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ.

ನಮ್ಮವರು ಹಿಂದೆಯೇ ಬಂದು, ಅಂಗಿಯ ತೋಳು ಮಡಚಿ, ಸಿಂಕಿನ ಮುಂದೆ ನಿಂತರು.

"ಸಿಡ್ನಿಗೆ ಹೋದ ತಕ್ಷಣ ಕಿವಿ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೋತೀನಿ" ಎಂದೆ, ಉರಿದುಕೊಂಡು.

ಅವರು ಲೋಟ ತೊಳೆಯುತ್ತಾ ಮೆಲ್ಲಗೆ ಹೇಳಿದರು. "ಬೇಡ ಕಣೇ. ಮೊದಲನೇ ಸಲವೇ ಕೇಳಿಸಿತ್ತು."

"ಏನಂದ್ರಿ? ಮತ್ತೆ ಯಾಕ್ರೀ ಅಷ್ಟು ಸಲ ಕೂಗಿಸಿದ್ದು?"

"ಕಾಲು ನಡುಗ್ತಾ ಇತ್ತು ವಾಸಂತಿ. ನೀನು ಮಾತು ನಿಲ್ಲಿಸಿದ್ರೆ ನನಗೆ ನಿಲ್ಲೋಕೆ ಆಗ್ತಿರ್ಲಿಲ್ಲ."

ಕಣ್ಣು ಮಂಜಾಯಿತು. ಪಕ್ಕಕ್ಕೆ ನೋಡಿದರೆ, ಅವರು ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ನಾನು ಸುಮ್ಮನಿರಬಾರದು ಎನ್ನಿಸಿತು. "ಇದೇನ್ರೀ ಲೋಟ ತೊಳೆಯೋ ಚಂದ, ತಳದಲ್ಲಿ ಚಹಾ ಕಲೆ ಹಾಗೇ ಇದೆ!" ಎಂದು ಬೈಯಲು ಶುರು ಮಾಡಿದೆ.